ನಗದ ನಾಯಕ, ನಗುವ ಬೀದಿ

ಸೇಗಾ ಕಂಪನಿಯ ‘ಯಾಕುಜಾ’ ವಿಡಿಯೊ ಗೇಮ್ ಸರಣಿಯ ಮೊದಲ ಆಟ 2005ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದಾಗ ಅದನ್ನು ಹಾಸ್ಯಕ್ಕಾಗಿ ಆಡಬಹುದೆಂದು ಯಾರೂ ಹೇಳುವಂತಿರಲಿಲ್ಲ. ತೊಶಿಹಿರೊ ನಾಗೋಶಿ ಅವರ ತಂಡ ವಯಸ್ಕರಿಗೆಂದೇ ಒಂದು ಅಪರಾಧ ಕಥನ ಕಟ್ಟಲು ಹೊರಟಿತ್ತು. ಕಥೆಯ ಮೇಲ್ವಿಚಾರಣೆಗೆ ಕ್ರೈಂ ಕಾದಂಬರಿಕಾರ ಸೇಶು ಹಾಸೆ ಅವರನ್ನು ಕರೆತಂದಿತ್ತು. ತಾನು ಮಾಡದ ಕೊಲೆಯ ಹೊಣೆ ಹೊತ್ತು ಹತ್ತು ವರ್ಷ ಜೈಲಿನಲ್ಲಿದ್ದ ಕಝುಮಾ ಕಿರ್ಯು, ಟೋಕಿಯೊದ ಕಾಬುಕಿಚೊವನ್ನು ನೋಡಿಯೇ ರೂಪಿಸಿದ ಕಾಮುರೊಚೊ ಎಂಬ ಕಲ್ಪಿತ ಬಡಾವಣೆಗೆ ಹಿಂದಿರುಗುವ ಕಥೆ ಅದು. ನಗೆಯೇನಿದ್ದರೂ ಸಂದಿಗೊಂದಿಗಳ ಉಪಕಥೆಗಳಲ್ಲಿತ್ತು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಇದೇ ಸರಣಿ ಕಣ್ಣೀರಿಗೆ ಎಷ್ಟು ಹೆಸರಾಯಿತೋ ನಗೆಗೂ ಅಷ್ಟೇ ಹೆಸರಾಗಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹಾಸ್ಯ, ಇನ್ನೊಂದರಲ್ಲಿ ಗಾಂಭೀರ್ಯ ಇಟ್ಟು ತೂಗಿದ್ದರಿಂದ ಇದು ಸಾಧ್ಯವಾಯಿತೆಂದು ನನಗನ್ನಿಸುವುದಿಲ್ಲ. ಎದುರಿಗೆ ಬಂದ ಯಾವುದನ್ನೂ ಹಗುರವಾಗಿ ಕಾಣದ ನಾಯಕನ ಸ್ವಭಾವವೇ ಎರಡಕ್ಕೂ ಮೂಲ.

2009ರ ಮೂರನೆಯ ಆಟದಲ್ಲಿ ಕಿರ್ಯು ಒಕಿನಾವಾದಲ್ಲಿ ಅನಾಥ ಮಕ್ಕಳ ಆಶ್ರಮ ನಡೆಸುತ್ತಾನೆ. ಗ್ಯಾಂಗಿನ ನಾಯಕರನ್ನು ಎದುರಿಸುವಷ್ಟೇ ಶ್ರದ್ಧೆಯಿಂದ ಮಕ್ಕಳ ಜಗಳ ಬಿಡಿಸುತ್ತಾನೆ. 2012ರ ಐದನೆಯದರಲ್ಲಿ ಹೆಸರು ಮರೆಸಿಕೊಂಡು ಟ್ಯಾಕ್ಸಿ ಓಡಿಸುತ್ತಾನೆ. ಭೂಗತ ಜಗತ್ತನ್ನೇ ನಡುಗಿಸಿದವನು ಇಂಡಿಕೇಟರ್ ಹಾಕಿ ತಿರುಗಬೇಕು, ಸಿಗ್ನಲ್‌ನಲ್ಲಿ ನಿಲ್ಲಬೇಕು, ಪ್ರಯಾಣಿಕರ ಮಾತಿಗೆ ಮರ್ಯಾದೆಯಿಂದ ಉತ್ತರಿಸಬೇಕು. ನಾವು ನಗುತ್ತೇವೆ, ಅವನು ನಗುವುದಿಲ್ಲ. ಈ ರೀತಿ ಪೂರ್ತಿ ಪಕ್ವವಾದದ್ದು 2015ರ ‘ಯಾಕುಜಾ 0’ದಲ್ಲಿ. ಕಾಲ 1988ರ ಡಿಸೆಂಬರ್. ಜಪಾನಿನಲ್ಲಿ ಭೂಮಿಯ ಬೆಲೆ ಹುಚ್ಚೆದ್ದು ಏರುತ್ತಿದ್ದ ದಿನಗಳು. ಕಾಮುರೊಚೊದ ಒಂದು ಪುಟ್ಟ ಖಾಲಿ ಜಾಗಕ್ಕಾಗಿ ಹೆಣಗಳು ಉರುಳುವುದೇ ಮುಖ್ಯ ಕಥೆ. ಅದೇ ಊರಿನ ಬೌಲಿಂಗ್ ಅಂಗಳದಲ್ಲಿ ಕಿರ್ಯು ಸತತ ಮೂರು ಸ್ಟ್ರೈಕ್ ಹೊಡೆದರೆ ಬಹುಮಾನವಾಗಿ ಜೀವಂತ ಕೋಳಿ ಸಿಗುತ್ತದೆ. ಮೂರು ಸ್ಟ್ರೈಕಿಗೆ ಆ ಆಟದ ಭಾಷೆಯಲ್ಲಿ ‘ಟರ್ಕಿ’ ಎನ್ನುತ್ತಾರೆ; ಟರ್ಕಿ ಕೋಳಿಯ ಬದಲು ನಾಟಿ ಕೋಳಿ ಬಂದಿದೆ, ಅಷ್ಟೆ. ಕಿರ್ಯು ಅದನ್ನು ತನ್ನ ರಿಯಲ್ ಎಸ್ಟೇಟ್ ವ್ಯವಹಾರದ ಮ್ಯಾನೇಜರ್ ಮಾಡಿಕೊಳ್ಳುತ್ತಾನೆ. ಒಂದು ಕಡೆ ತುಂಡು ನೆಲಕ್ಕಾಗಿ ಕೊಲೆ, ಇನ್ನೊಂದು ಕಡೆ ಜಮೀನಿನ ಲೆಕ್ಕ ನೋಡಿಕೊಳ್ಳುವ ಕೋಳಿ. ಎರಡೂ ಒಂದೇ ದುರಾಸೆಯ ಕಾಲವನ್ನು ಕುರಿತವು. ಆ ಕಾಲ ಎಷ್ಟು ಅಸಂಬದ್ಧವಾಗಿತ್ತೆಂದು ಕೋಳಿಯೇ ಹೆಚ್ಚು ನೇರವಾಗಿ ತೋರಿಸುತ್ತದೆ.

ಗೊರೊ ಮಾಜಿಮಾನ ವಿಷಯದಲ್ಲಿ ಈ ಆಟ ಇನ್ನೂ ಆಳಕ್ಕೆ ಇಳಿದಿದೆ. ಮೊದಲ ಆಟದಿಂದಲೂ ಅವನು ಕಿರ್ಯುವಿನ ಬೆನ್ನು ಬಿಡದ ಒಕ್ಕಣ್ಣಿನ ಹುಚ್ಚ. ‘0’ ಅವನ ಹಿಂದಿನ ಬದುಕನ್ನು ಬಿಚ್ಚಿಡುತ್ತದೆ: ಅವನು ಕಾಪಾಡಿದ ಮಕೊಟೊ ಎಂಬ ಯುವತಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಕೊನೆಗೆ ದೃಷ್ಟಿ ಮರಳಿದ ಅವಳು ಎದುರೇ ನಿಂತಿದ್ದರೂ, ಅವನ ಮುಖವನ್ನು ಎಂದೂ ಕಂಡಿರದ ಕಾರಣ ಗುರುತಿಸಲಾರಳು. ಅವನು ತಾನಾರೆಂದು ಹೇಳದೆ ಹೊರಟುಹೋಗುತ್ತಾನೆ. ಇದನ್ನು ಕಂಡ ಮೇಲೆ ಅವನ ಕೇಕೆ ಮೊದಲಿನಂತೆ ಕೇಳಿಸುವುದಿಲ್ಲ.

ಕಥೆ ಬಿಗಿಯಾದಾಗ ಆಟಗಾರ ಕರೋಕೆ ಹಾಡಲು ಹೋದರೆ ರಸಭಂಗವಾಗದೇ ಎಂದು ಕೇಳುವವರಿದ್ದಾರೆ. ಆಗಬಹುದು. ಆದರೆ ಅಲ್ಲಿಗೆ ಹೋಗುವುದು ಬಿಡುವುದು ಆಟಗಾರನ ಇಷ್ಟ. ಸಾವಿನ ದೃಶ್ಯದ ಒಳಕ್ಕೆ ಈ ನಗೆ ನುಗ್ಗುವುದು ಅಪರೂಪ. ಗಂಭೀರವಾದ ನೋ ನಾಟಕಗಳ ನಡುವೆ ಕ್ಯೋಗೆನ್ ಪ್ರಹಸನ ಆಡುವ ಪದ್ಧತಿ ಜಪಾನಿನ ರಂಗಭೂಮಿಗೆ ಹೊಸದಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಈ ನಗೆ ಕೆಲವೊಮ್ಮೆ ದುರ್ಬಲರ ಮೇಲೆ ಬಿದ್ದಿದೆ. ಇದನ್ನು ಒಪ್ಪಲೇಬೇಕು. ಮೂರನೆಯ ಆಟದಲ್ಲಿ ಲಿಂಗಪರಿವರ್ತಿತ ವ್ಯಕ್ತಿಯೊಬ್ಬಳನ್ನು ಗೇಲಿ ಮಾಡುವ ಉಪಕಥೆಯಿತ್ತು. ಮರುರೂಪಿಸಿದ ಆವೃತ್ತಿಯಿಂದ ತಯಾರಕರೇ ಅದನ್ನು ತೆಗೆದರು. ಅಲ್ಲಿ ನಗೆ ಹುಟ್ಟಿದ್ದು ಕಿರ್ಯುವಿನ ಶ್ರದ್ಧೆಯಿಂದಲ್ಲ, ಇನ್ನೊಬ್ಬರು ಹೇಗಿದ್ದಾರೆ ಎಂಬುದರಿಂದ. ಅದಕ್ಕೇ ಅದು ಸೋತಿತು.

2020ರ ಏಳನೆಯ ಆಟ ನಗೆಯನ್ನು ಮುಖ್ಯ ಕಥೆಯೊಳಕ್ಕೇ ತಂದಿತು. ಹೊಸ ನಾಯಕ ಇಚಿಬಾನ್ ಕಸುಗಾ ‘ಡ್ರ್ಯಾಗನ್ ಕ್ವೆಸ್ಟ್’ ಆಡಿ ಬೆಳೆದವನು. ನೆಲದಲ್ಲಿ ನಾಟಿಕೊಂಡಿದ್ದ ಬೇಸ್‌ಬಾಲ್ ಬ್ಯಾಟನ್ನು ವೀರನ ಖಡ್ಗವೆಂಬಂತೆ ಕಿತ್ತುಕೊಳ್ಳುತ್ತಾನೆ. ಅವನ ಜೊತೆಗಾರರು ಬೀದಿಗೆ ಬಿದ್ದ ಮಾಜಿ ನರ್ಸ್, ಕೆಲಸ ಕಳೆದುಕೊಂಡ ಪೊಲೀಸ್. ಸೋತವರು ತಮ್ಮನ್ನು ವೀರರೆಂದು ನಂಬುವುದು ತಮಾಷೆ. ನಂಬದೆ ಅವರಿಗೆ ಬದುಕಿಲ್ಲ ಎಂಬುದು ಕಥೆ. 2024ರ ಮುಂದಿನ ಭಾಗದಲ್ಲಿ ಕ್ಯಾನ್ಸರ್ ಹಿಡಿದ ಕಿರ್ಯು ಹಳೆಯ ನೆನಪುಗಳನ್ನು ಹುಡುಕುತ್ತ ಬೀದಿಬೀದಿ ನಡೆಯುವಾಗ ಆ ಹಳೆಯ ತಮಾಷೆಗಳೇ ಗಂಟಲು ಕಟ್ಟಿಸುತ್ತವೆ. ಅಷ್ಟು ವರ್ಷ ಜೊತೆಯಲ್ಲಿ ನಕ್ಕಿರದಿದ್ದರೆ ಅವನ ಕಾಯಿಲೆ ನಮ್ಮನ್ನು ಇಷ್ಟು ತಟ್ಟುತ್ತಿರಲಿಲ್ಲ. ಈ ಸರಣಿಗೆ ಹೊಸಬರಾದವರು ‘ಯಾಕುಜಾ 0’ದಿಂದ ಶುರುಮಾಡಿ, ಕಥೆ ಮುಗಿಸುವ ಅವಸರದಲ್ಲಿ ಉಪಕಥೆಗಳನ್ನು ದಾಟಿ ಹೋಗಬೇಡಿ.