ಮುಚ್ಚಿಟ್ಟ ಹರೆಯ: ನಮ್ಮ ಕಥನ ಬಿಟ್ಟುಹೋದ ಹುಡುಗ

ಸಲಿಂಗಪ್ರೇಮದ ಸಾಹಿತ್ಯ ಎಂದೊಡನೆ ನಮ್ಮ ಕಡೆಯ ವಿಚಾರಸಂಕಿರಣಗಳಲ್ಲಿ, ಯಲ್ಲಮ್ಮ ದೇವಿಗೆ ಮುಡಿಪಾಗಿ ಹೆಣ್ಣುಡುಗೆ ತೊಟ್ಟ ಜೋಗಪ್ಪಂದಿರ ಮಾತು ಶುರುವಾಗುತ್ತದೆ. ಮಂಜಮ್ಮ ಜೋಗತಿಯವರ ಆತ್ಮಕಥನ, ‘ನಾನು ಅವನಲ್ಲ ಅವಳು’ ಚಿತ್ರ, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಅವು ದೊಡ್ಡ ಕೆಲಸಗಳೇ. ಆದರೆ ಗಂಡಾಗಿಯೇ ಉಳಿದು, ಗಂಡನ್ನೇ ಬಯಸಿ, ಅದನ್ನು ಅವ್ವನಿಗೂ ಗೆಳೆಯರಿಗೂ ತಿಳಿಯಗೊಡದ ಹದಿನಾರರ ಹುಡುಗನ ಕಥೆ ಬೇರೆ. ಯಲ್ಲಮ್ಮನ ಹೆಸರಿನಲ್ಲಿ ಜೋಗಪ್ಪನಿಗೆ ಊರು ಒಂದು ಜಾಗವನ್ನಾದರೂ ಕೊಟ್ಟಿದೆ. ಈ ಹುಡುಗನಿಗೆ ಅದೂ ಇಲ್ಲ.

ಕನ್ನಡದ ಹೊರಗೆ ಇಂಥ ಬರಹದ ಚರಿತ್ರೆ ಚುಟುಕಾಗಿ ಹೀಗಿದೆ. ಇ.ಎಂ. ಫಾರ್ಸ್ಟರ್ 1914ರ ಸುಮಾರಿಗೆ ಬರೆದು ಮುಗಿಸಿದ ‘ಮಾರಿಸ್’ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಹಿಂದಿಯಲ್ಲಿ ಉಗ್ರರ ‘ಚಾಕಲೇಟ್’ 1927ರಲ್ಲೇ ಬಂತು, ಇಂಥ ಬಯಕೆಯ ವಿರುದ್ಧ ಎಚ್ಚರಿಕೆಯ ಉಪದೇಶವಾಗಿ. 1994ರಲ್ಲಿ ಶ್ಯಾಮ್ ಸೆಲ್ವದುರೈ ಅವರ ‘ಫನ್ನಿ ಬಾಯ್’, 2006ರಲ್ಲಿ ಪಕ್ಕದ ಮರಾಠಿಯಲ್ಲಿ ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’. ಕಾಮದ ಬಗ್ಗೆ ಅಷ್ಟೆಲ್ಲ ಬರೆದ ನಮ್ಮ ನವ್ಯರ ಕಣ್ಣಿಗೆ ಈ ಹುಡುಗ ಬಿದ್ದದ್ದು ಕಡಿಮೆ. ಅವರ ಧೈರ್ಯಕ್ಕೂ ಒಂದು ಗಡಿಯಿತ್ತು.

ನಮ್ಮ ಪೀಳಿಗೆಗೆ ಬಾಗಿಲು ತೆರೆದದ್ದು 2013ರಲ್ಲಿ, ಸಂಡೂರಿನ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಲಿಂಗಸಂಬಂಧವನ್ನು ಅಪರಾಧವೆನ್ನುವ 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. ವಿಮರ್ಶಕರು ಈ ಪುಸ್ತಕವನ್ನು ಲೇಖಕರ ತಪ್ಪೊಪ್ಪಿಗೆ ಎಂಬಂತೆ ಓದಿ ಮುಗಿಸಿದರು. ಅದರ ಕಟ್ಟಡವನ್ನು ನೋಡಿದವರು ವಿರಳ. ‘ಕಗ್ಗಂಟು’ ಕಥೆಯಲ್ಲಿ ನಾಯಕ ಮೋಹನಸ್ವಾಮಿಯ ಸಂಗಾತಿ ಕಾರ್ತಿಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಇನ್ನೊಂದು ಕಥೆಯಲ್ಲಿ ಸೈಕಲ್ ಕಲಿಯುವುದೂ ಗಂಡಸುತನದ ಪರೀಕ್ಷೆ. ಕಾದಂಬರಿಯಂತೆ ಒಂದೇ ಎಳೆಯಲ್ಲಿ ಸಾಗದೆ, ಬಿಡಿ ಕಥೆಗಳಲ್ಲಿ ಬದುಕು ತುಂಡುತುಂಡಾಗಿ ಕಾಣುತ್ತದೆ. ಮುಚ್ಚಿಟ್ಟು ಬದುಕುವವನ ದಿನಚರಿಯೇ ಹಾಗೆ: ಮನೆಗೊಬ್ಬ, ಕಚೇರಿಗೊಬ್ಬ, ಗೆಳೆಯರಿಗೊಬ್ಬ. ಎಲ್ಲರೂ ಕೊಂಡಾಡುವ ಕಿಲಿಮಂಜಾರೋ ಕಥೆಗಿಂತ ಸೈಕಲ್ಲಿನ ಕಥೆಯೇ ನನಗೆ ದೊಡ್ಡದು.

2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ತೀರ್ಪಿನಿಂದ ಆ ಕಾನೂನು ಬದಲಾಯಿತು; ಸಲಿಂಗಪ್ರೇಮ ಅಪರಾಧವಾಗಿ ಉಳಿಯಲಿಲ್ಲ. ಆಮೇಲಿನ ಬರಹವೆಲ್ಲ ಬೆಂಗಳೂರಿನತ್ತ ವಾಲಿತು: ಬಾಡಿಗೆ ಫ್ಲ್ಯಾಟು, ಮೊಬೈಲ್ ಆ್ಯಪು, ಕೊನೆಗೆ ಅಪ್ಪ ಅಮ್ಮನೆದುರು ಸತ್ಯ ಹೇಳುವ ದೃಶ್ಯ. ಮುಚ್ಚಿಟ್ಟ ವರ್ಷಗಳು ಬರೀ ಪೀಠಿಕೆ.

ಆದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದಲ್ಲಿ ಆ ಪೀಠಿಕೆಯೇ ಇಡೀ ಕಥೆ. ಇಲ್ಲಿ ಸ್ವಂತ ಕೋಣೆ ಇಲ್ಲ, ಮೊಬೈಲು ಮನೆಮಂದಿಗೆಲ್ಲ ಒಂದೇ. ನಡಿಗೆ ತುಸು ಬಳುಕಿದರೆ “ನೀ ಏನ್ ಹೆಣ್ಮಗಳೇನಲೇ” ಎಂಬ ಮಾತು ಬೀಳುತ್ತದೆ. ಗುಳೆ ಹೋದ ಹುಡುಗ ಬೆಂಗಳೂರಿನ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಹತ್ತು ಜನರ ನಡುವೆ ಮಲಗುತ್ತಾನೆ. ಮೈಲಾಪುರದ ಜಾತ್ರೆಗೆ ಊರಿಗೆ ಬಂದರೆ “ಲಗ್ನ ಯಾವಾಗ ಮಾಡ್ಕೋತಿ?” ಎಂಬ ಪ್ರಶ್ನೆ ಕಾದಿರುತ್ತದೆ. ಇವನ ಕಥೆ ನನ್ನ ಓದಿಗೆ ಇನ್ನೂ ಸಿಕ್ಕಿಲ್ಲ. ಭಾಷೆಯ ಕೊರತೆ ಎನ್ನುವ ಹಾಗಿಲ್ಲ. ಕಲಬುರಗಿ ಸೀಮೆಯ ಮಾತಿನಲ್ಲಿ ಏನೆಲ್ಲ ಹೇಳಬಹುದೆಂದು ಗೀತಾ ನಾಗಭೂಷಣ ‘ಬದುಕು’ ಕಾದಂಬರಿಯಲ್ಲಿ ಎಂದೋ ತೋರಿಸಿದ್ದಾರೆ.

ಈ ಸೀಮೆಯ ಹೊಸ ಕಥೆಗಾರರಲ್ಲಿ ನನ್ನ ವಿನಂತಿ ಇಷ್ಟೇ: ಆ ಹುಡುಗನನ್ನು ಎರಡನೇ ಪುಟಕ್ಕೇ ಬೆಂಗಳೂರಿನ ಬಸ್ಸು ಹತ್ತಿಸಬೇಡಿ. ಸಂಪಾದಕರೇ, ಹೆಸರು ಹೇಳಲು ಅಂಜುವವರು ಕಾವ್ಯನಾಮದಲ್ಲಿ ಬರೆದು ಕಳಿಸಿದರೂ ಅಚ್ಚು ಮಾಡಿ.