ಲಿಂಗೈಕ್ಯರ ಮನೆಯ ಶಿವಭಜನೆ

ಶರಣರ ಗುಣವನ್ನು ಮರಣದಲ್ಲಿ ನೋಡಬೇಕೆಂಬ ಗಾದೆಯು ನಮ್ಮ ನಾಡಿನಲ್ಲಿ ಸರ್ವವಿದಿತವಾಗಿದೆ. ಇದಕ್ಕೆ ನಿದರ್ಶನವನ್ನು ಬಯಸುವವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಲಿಂಗೈಕ್ಯರಾದವರ ಮನೆಯ ಭಜನೆಯನ್ನು ಕೇಳಬೇಕು. ಮೃತರ ಕಾಯಕ್ಕೆ ಮಜ್ಜನಗೈದು, ವಿಭೂತಿಯನ್ನು ಧರಿಸಿ, ಕುಳಿತ ಭಂಗಿಯಲ್ಲಿ ಗೋಡೆಗೆ ಆನಿಸಿ ಇರಿಸುವರು. ದೂರದ ಊರುಗಳಿಂದ ಬಂಧುಗಳು ಬಂದು ಸೇರುವ ತನಕ ಮೇಳದವರು ತಾಳ, ದಮ್ಮಡಿ, ಏಕತಾರಿಗಳೊಡನೆ ಎದುರಿಗೆ ಕುಳಿತು ಇರುಳೆಲ್ಲ ಹಾಡುವರು. ಒಬ್ಬನು ಪಲ್ಲವಿಯನ್ನೆತ್ತಲು ಉಳಿದವರು ಅದನ್ನು ಮರಳಿ ಹಿಡಿಯುವರು.

ಈ ಪದ್ಧತಿಗೆ ನೆಲೆಯಾವುದು? ಕಾವಲಿನವರು ನಿದ್ದೆಹೋಗದಿರಲೆಂಬುದು ಲೌಕಿಕ ಕಾರಣವು. ಅದಕ್ಕಿಂತ ಬಲವಾದುದು ತಾತ್ತ್ವಿಕ ಕಾರಣವು. 12ನೆಯ ಶತಮಾನದ ಶರಣರ ಮಾರ್ಗದಲ್ಲಿ ಜನನ, ಮರಣ ಮೊದಲಾದ ಪಂಚಸೂತಕಗಳಿಗೆ ಎಡೆಯಿಲ್ಲ. ಸೂತಕವೇ ಇಲ್ಲವೆಂದ ಮೇಲೆ ಮರಣದ ಮನೆಯಲ್ಲಿ ಶಿವನಾಮವನ್ನು ಹಾಡಲು ಅಡ್ಡಿಯೇನು? ನೆರೆಹೊರೆಯವರು ಶಂಕೆಯಿಲ್ಲದೆ ಒಳಗೆ ಬಂದು, ದುಃಖಿತರ ಮಗ್ಗುಲಲ್ಲಿಯೇ ಕುಳಿತುಕೊಳ್ಳಬಹುದಾಯಿತು.

ಅಲ್ಲಿ ಹಾಡುತ್ತ ಬಂದುದು ಬಸವಾದಿಗಳ ವಚನಗಳೇ ಎಂದು ಕೆಲವರು ಭಾವಿಸುವರು. ಆದರೆ ವಚನವು ಮುಖ್ಯವಾಗಿ ಗದ್ಯರೂಪವಾದುದು. ಅದು ಅಚ್ಚಿನ ಮೂಲಕ ವಿಪುಲವಾಗಿ ಜನರ ಕೈಸೇರಿದುದು ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ತರುವಾಯ. ಭಜನೆಯ ಮೇಳಗಳಿಗೆ ಆಧಾರವಾದುವು ರಾಗತಾಳಬದ್ಧವಾದ ಸ್ವರವಚನಗಳು ಮತ್ತು ತತ್ತ್ವಪದಗಳು: ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯಕಲ್ಪವಲ್ಲರಿ’, ಕಡಕೋಳ ಮಡಿವಾಳಪ್ಪನವರ ಪದಗಳು. ಮುಸಲ್ಮಾನ ಕುಲದಲ್ಲಿ ಜನಿಸಿದ ಶಿಶುನಾಳ ಶರೀಫರ (1819–1889) ಪದಗಳಿಗೂ ಲಿಂಗವಂತರ ಭಜನೆಯಲ್ಲಿ ಆದರದ ಸ್ಥಾನವುಂಟು. ಇತ್ತ ಹೆಂಗಳೆಯರು ಮೃತರ ಗುಣಗಳನ್ನು ಹಾಡಾಡಿಕೊಂಡು ಅಳುವರು. ಒಂದು ದನಿಯು ಅಗಲಿಕೆಯನ್ನು ನುಡಿದರೆ, ಮತ್ತೊಂದು ಐಕ್ಯವನ್ನು ಸಾರುವುದು. ಎರಡಕ್ಕೂ ಆ ಮನೆಯಲ್ಲಿ ಎಡೆಯುಂಟು.

ನಾವು ಪಾಠಶಾಲೆಯಲ್ಲಿ ‘ಕೈವಲ್ಯಪದ್ಧತಿ’ಯನ್ನು ಟೀಕಾಸಹಿತವಾಗಿ ಓದಿ, ಅರ್ಥವು ಕರಗತವಾಯಿತೆಂದೇ ತಿಳಿದಿದ್ದೆವು. ನಮ್ಮ ತೀರ್ಥರೂಪರು ಲಿಂಗೈಕ್ಯರಾದ ರಾತ್ರಿ, ಅಕ್ಷರವನ್ನರಿಯದ ವೃದ್ಧ ಒಕ್ಕಲಿಗರೊಬ್ಬರು ಅದೇ ಗ್ರಂಥದ ಪದಗಳನ್ನು ಒಂದಾದ ಮೇಲೊಂದರಂತೆ ಹಾಡಿದರು. ನಮ್ಮ ಕಂಠವು ಬಿಗಿದು ಪಲ್ಲವಿಯನ್ನು ಹಿಡಿಯಲಾಗಲಿಲ್ಲ. ಊರವರೆಲ್ಲರೂ ನಮ್ಮ ಪರವಾಗಿ ಅದನ್ನು ಹಿಡಿದರು. ಟೀಕೆಯು ತಿಳಿಸದಿದ್ದ ಅರ್ಥವು ಅಂದು ತಿಳಿಯಿತು.

ಈಚೆಗೆ ಹಲವೆಡೆ ಧ್ವನಿಮುದ್ರಿಕೆಯನ್ನು ಹಚ್ಚಿಟ್ಟು ಜನರು ಸುಮ್ಮನೆ ಕುಳಿತಿರುವುದನ್ನು ಕಾಣುತ್ತೇವೆ. ಯಂತ್ರವು ಪದವನ್ನು ಉಳಿಸೀತು. ನೊಂದವರ ಪಲ್ಲವಿಯನ್ನು ಎತ್ತಿಹಿಡಿಯುವ ನೆರೆಯವರನ್ನು ಉಳಿಸಲಾರದು. ಆದುದರಿಂದ ಈ ಮಹೋತ್ಸವದ ಶುಭಕಾಲದಲ್ಲಿ ನಮ್ಮ ವಿನಂತಿಯು ಇಷ್ಟೇ: ಪ್ರತಿಯೊಂದು ಗ್ರಾಮದಲ್ಲಿಯೂ ಹಿರಿಯರಿಂದ ಹತ್ತು ಪದಗಳನ್ನಾದರೂ ಕಿರಿಯರು ಬಾಯಿಂದ ಬಾಯಿಗೆ ಕಲಿಯಲಿ. ಶಿವನು ಅವರಿಗೆ ಆ ಕಂಠವನ್ನು ಕರುಣಿಸಲಿ.