ಅರ್ಧ ಆಣೆಯ ದಂಡ

ನೇಯ್ದ ಸೀರೆಯಲ್ಲಿ ಎಳೆ ತಪ್ಪಿದರೆ ನಷ್ಟ ಯಾರದು? ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಕೆಲಸದ ಶಿಸ್ತಿನ ಪ್ರಶ್ನೆ ಹುಟ್ಟುವುದೇ ಇಲ್ಲಿ. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಗೇಟು, ಗಂಟೆ, ಹಾಜರಿ ಪುಸ್ತಕಗಳಿಗಿಂತ ಸೀರೆ ಬಿಡಿಸಿ ನೋಡುವ ಮಾಲಕರ ಕಣ್ಣೇ ದೊಡ್ಡದು. ದೋಷ ಕಂಡರೆ ಕೂಲಿಯಲ್ಲಿ ಕಡಿತ.

ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಈ ಪದ್ಧತಿ ಇನ್ನೂ ಕಠಿಣವಾಗಿತ್ತು. ಕೆಟ್ಟ ಬಟ್ಟೆಯನ್ನು ನೇಕಾರನ ಕೈಗೇ ಕೊಟ್ಟು ಅದರ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದರು. 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಅನಂತರ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಅದರಂತೆ ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರುವಂತಿರಲಿಲ್ಲ. ದಂಡ ಹಾಕುವ ಮೊದಲು ಕಾರ್ಮಿಕನ ಸಮಜಾಯಿಷಿ ಕೇಳಬೇಕಿತ್ತು. ವಸೂಲಾದ ಹಣ ಮಾಲಕರ ಲಾಭಕ್ಕೆ ಸೇರದೆ ಕಾರ್ಮಿಕರ ಹಿತಕ್ಕೇ ಖರ್ಚಾಗಬೇಕಿತ್ತು.

ಆದರೆ ಈ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ವಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿ ಅದರ ಎಲ್ಲೆಯೊಳಗೆ ಬಂದರೆ, ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು ಹೊರಗುಳಿದವು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅಷ್ಟಾದರೂ ಕಾಯ್ದೆಯ ನೋಟ ಮೊದಲಿಗೆ ಕಾರ್ಖಾನೆ, ರೈಲ್ವೆಗಳ ಮೇಲಿತ್ತೇ ಹೊರತು ಮನೆಯ ಮಗ್ಗದ ಮೇಲಲ್ಲ.

ದೊಡ್ಡ ಕಾರ್ಖಾನೆಗಳಿಗೆ 1946ರಲ್ಲಿ ಸ್ಥಾಯಿ ಆದೇಶಗಳ ಕಾಯ್ದೆ ಬಂತು. ನೂರು ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಯಾವುದು ದುರ್ವರ್ತನೆ, ಅದಕ್ಕೆ ಏನು ಶಿಕ್ಷೆ ಎಂಬುದನ್ನು ಮೊದಲೇ ಬರೆದಿಡಬೇಕಾಯಿತು. ಆರೋಪಪಟ್ಟಿ, ಉತ್ತರ, ವಿಚಾರಣೆ, ಆಮೇಲೆ ಆದೇಶ: ಇದೇ ಕ್ರಮ. ಮುಂದೆ ಮುಧೋಳ, ಜಮಖಂಡಿ, ಬೀಳಗಿ ಭಾಗದಲ್ಲಿ ಎದ್ದ ಸಕ್ಕರೆ ಕಾರ್ಖಾನೆಗಳು ಈ ಜಗತ್ತಿಗೆ ಸೇರಿದವು.

ವಿದ್ಯುತ್ ಮಗ್ಗದ ಸಣ್ಣ ಶೆಡ್ಡಿನಲ್ಲಿ ಈ ಕಾಗದಗಳಿಲ್ಲ. ಅಲ್ಲಿ ಶಿಸ್ತಿನ ಹಗ್ಗವೆಂದರೆ ಮುಂಗಡ. ಮದುವೆಗೋ ಔಷಧಕ್ಕೋ ಪಡೆದ ಸಾಲ ತೀರದೆ ಬೇರೆ ಮಗ್ಗಕ್ಕೆ ಹೋಗುವುದು ಕಷ್ಟ. ಸಾಲದ ಹೆಸರಿನಲ್ಲಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ನಿಷೇಧಿಸಿತು. ಆದರೂ ಹಂಗು ಎಂಬುದು ಕಾಯ್ದೆಯ ಕಣ್ಣಿಗೆ ಸುಲಭವಾಗಿ ಬೀಳುವಂಥದ್ದಲ್ಲ.

2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಅರ್ಧ ಆಣೆ ಈಗ ಶೇ. 3 ಆಗಿ ಉಳಿದಿದೆ. ದಂಡದ ಈ ಮಿತಿ ಸಣ್ಣ ಶೆಡ್ಡಿನ ಉದ್ಯೋಗಿಗೂ ಅನ್ವಯಿಸುತ್ತದೆ. ಆದರೆ ಸ್ಥಾಯಿ ಆದೇಶಗಳ ಮಿತಿ ನೂರರಿಂದ ಮುನ್ನೂರು ಕಾರ್ಮಿಕರಿಗೆ ಏರಿದೆ. ದಂಡದ ನಿಯಮ ಕೆಳಗಿಳಿಯಿತು, ವಿಚಾರಣೆಯ ನಿಯಮ ಮೇಲೇರಿತು. ಇನ್ನು ಮನೆಯಲ್ಲೇ ಕೂಲಿಗೆ ನೇಯುವವನು ಉದ್ಯೋಗಿಯೇ ಅಲ್ಲ, ಗುತ್ತಿಗೆದಾರ ಎನ್ನುವ ವಾದ ಇದ್ದೇ ಇದೆ.

ಶಿಸ್ತಿಲ್ಲದೆ ಮಗ್ಗವೂ ನಡೆಯದು, ಗಿರಣಿಯೂ ನಡೆಯದು. ಎಳೆ ತಪ್ಪಿದ್ದು ನೇಕಾರನ ಅಲಕ್ಷ್ಯದಿಂದಲೋ, ಕೆಟ್ಟ ನೂಲಿನಿಂದಲೋ ಎಂದು ಕೇಳದೆ ಮುರಿದುಕೊಂಡ ಕೂಲಿ ಮಾತ್ರ ಶಿಸ್ತಲ್ಲ. ತೊಂಬತ್ತು ವರ್ಷಗಳ ಹಿಂದಿನ ಆ ಕಾಯ್ದೆ ಹೇಳಿದ್ದೂ ಇದನ್ನೇ: ಮೊದಲು ಕೇಳಿ, ಆಮೇಲೆ ದಂಡಿಸಿ.